ಮೊದಲು ತಣ್ಣಗಾಗಲಿ

ಕೇಳುಗರಿಗೆ ನಮಸ್ಕಾರ. ದ್ರಾಕ್ಷಿಯ ಬಗ್ಗೆ ಮಾತನಾಡಿ ಎಂದು ರೇಡಿಯೋದವರು ಕರೆದಿದ್ದಾರೆ. ಗೊಬ್ಬರ, ಔಷಧಿಯ ಮಾತು ಇವತ್ತು ಬೇಡ. ದಿನವಿಡೀ ಚಪ್ಪರದ ಕೆಳಗೆ ಕತ್ತೆತ್ತಿ ಗೊಂಚಲು ನೋಡುವ ಚಿಕ್ಕಬಳ್ಳಾಪುರದವರೇ, ನಂದಿಬೆಟ್ಟದ ಸುತ್ತ ಆಗುವ ಕೆಂಪು ವೈನನ್ನು ನೀವೇ ಹೀಗಳೆದರೆ ಹೇಗೆ? ನನ್ನದು ಒಂದೇ ಮಾತು: ಬಾಟಲಿಯನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ, ಆಮೇಲೆ ಬೈಯಿರಿ.

ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನ್ ಕುಡಿದು, ನಮ್ಮ ವೈನ್ ಎಂದರೆ ಇಷ್ಟೇ ಎಂದುಕೊಂಡವರು ಬಹಳ. ಬ್ಲೂ ದ್ರಾಕ್ಷಿಯನ್ನು ನಾನು ದೂರುವುದಿಲ್ಲ, ಜ್ಯೂಸಿಗೆ ಅದನ್ನು ಬಿಟ್ಟರಿಲ್ಲ. ನಾನು ಹೇಳುತ್ತಿರುವುದು ಸಿಹಿಯಿಲ್ಲದ ಕೆಂಪು ವೈನ್. ಅದರ ದ್ರಾಕ್ಷಿಯೇ ಬೇರೆ: ಕ್ಯಾಬರ್ನೆ, ಶಿರಾಜ್. ಬೆಟ್ಟದ ಆ ಬದಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಕುಟುಂಬ 1988ರಲ್ಲೇ ವೈನ್ ಕಂಪನಿ ಕಟ್ಟಿತು. ಸುಮಾರು 900 ಮೀಟರ್ ಎತ್ತರದ ನೆಲ, ಹಗಲು ಬಿಸಿಲು, ರಾತ್ರಿ ತಂಪು. ದ್ರಾಕ್ಷಿಗೆ ಇನ್ನೇನು ಬೇಕು?

ನಮ್ಮ ಭಾವನವರು ಇದನ್ನು ಒಪ್ಪುತ್ತಿರಲಿಲ್ಲ. ಮೂವತ್ತು ವರ್ಷ ಬ್ಲೂ ಬೆಳೆದವರು. ಒಂದು ಏಪ್ರಿಲ್ ಭಾನುವಾರ, ಅಕ್ಕ ಕೋಳಿ ಸಾರು, ಮುದ್ದೆ ಮಾಡಿದ್ದರು. ನಾನು ತಂದಿದ್ದ ನಂದಿಬೆಟ್ಟದ ವೈನಿನಲ್ಲಿ ಅರ್ಧವನ್ನು ಬೇರೆ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಉಳಿದರ್ಧ ಒಲೆಯ ಪಕ್ಕದಲ್ಲೇ ಇತ್ತು. ಊಟಕ್ಕೆ ಕೂತಾಗ ಎರಡು ಸ್ಟೀಲ್ ಲೋಟ ಮುಂದಿಟ್ಟೆ. ಭಾವ ಮೊದಲನೆಯದನ್ನು ಗುಟುಕರಿಸಿ ಮುಖ ಕಿವುಚಿದರು. "ಮೂಗಿಗೆ ಸ್ಪಿರಿಟ್ ಹೊಡೆಯುತ್ತದಪ್ಪ. ಇದು ನಮ್ಮ ಕಡೆಯದೇ." ಎರಡನೆಯದನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. "ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಹಿಡಿಯುತ್ತದೆ. ಇದು ಹೊರದೇಶದ್ದು. ಎಷ್ಟು ಕೊಟ್ಟೆ?" ಎರಡೂ ಒಂದೇ ಬಾಟಲಿಯದು ಎಂದೆ. ನಂಬಲಿಲ್ಲ, ಲೋಟಗಳನ್ನು ಅದಲುಬದಲು ಮಾಡಿ ಮತ್ತೆ ಮೂಸಿದರು. ಅಕ್ಕ ಸಾರು ಬಡಿಸುತ್ತಲೇ, "ಮಜ್ಜಿಗೆಯನ್ನು ಬಿಸಿಲಲ್ಲಿಟ್ಟು ಕುಡಿದರೆ ರುಚಿಸುತ್ತದೆಯೇ?" ಎಂದು ಕೇಳಿದರು. ನಾನು ವರ್ಷಗಟ್ಟಲೆ ರೈತರಿಗೆ ಹೇಳಿದ ಪಾಠವನ್ನು ಅಕ್ಕ ಸೌಟು ಹಿಡಿದುಕೊಂಡೇ ಮುಗಿಸಿಬಿಟ್ಟರು!

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡಿದ್ದೀರಿ. ಯಾರ ಕೋಣೆ, ಸ್ವಾಮಿ? ಅದು ಯುರೋಪಿನ ಚಳಿಯ ಮನೆಗಳ ಮಾತು, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 34 ಡಿಗ್ರಿ! ಆ ಬಿಸಿಗೆ ಮದ್ಯಸಾರದ ಆವಿ ಎದ್ದು ಹಣ್ಣಿನ ವಾಸನೆಯನ್ನು ಮುಚ್ಚಿಬಿಡುತ್ತದೆ. ತಣ್ಣಗಾದರೆ ಹಣ್ಣು ಮುಂದೆ ಬರುತ್ತದೆ.

ಇನ್ನು ಒಗರು. ಅದು ಸಿಪ್ಪೆ, ಬೀಜಗಳಿಂದ ಬಂದದ್ದು, ಕೆಟ್ಟಿದೆ ಎಂದು ಅರ್ಥವಲ್ಲ. ಕೋಳಿ ಸಾರಿನ ಜೊತೆ ಮೆತ್ತಗಾಗುತ್ತದೆ. ಗ್ಲಾಸು ಹೇಗಿರಬೇಕು, ಲೇಬಲ್ ಓದುವುದು ಹೇಗೆ ಎಂದೆಲ್ಲ ಬರೆದುಕೊಂಡು ಬಂದಿದ್ದೆ. ಒಂದೇ ನಿಮಿಷ ಉಳಿದಿದೆ ಎಂದು ಸ್ಟುಡಿಯೋ ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ. ತೆರೆದ ಬಾಟಲಿಯನ್ನು ಮೂರು ದಿನದೊಳಗೆ ಮುಗಿಸಿ, ಅಷ್ಟೇ. ಒಂದು ಗಂಟೆ, ಮರೆಯಬೇಡಿ. ಫ್ರೀಜರಿನಲ್ಲಲ್ಲ, ಕೆಳಗೆ. ನಮಸ್ಕಾರ.