ಹತ್ತು ಎಂಜಿನಿಯರ್‌ಗಳು, ಒಬ್ಬ ಜವಾನ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವ ಬೂದು ಬಣ್ಣದ ದಿಬ್ಬಗಳು ನಿಜವಾದ ಗುಡ್ಡಗಳಲ್ಲ. ಗಣಿಯಿಂದ ಮೇಲೆ ತಂದ ಕಲ್ಲನ್ನು ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ವರ್ಷಾನುಗಟ್ಟಲೆ ಸುರಿದ ರಾಶಿ ಇದು. ಸೈನೈಡ್ ಗುಡ್ಡ ಅಂತ ಕರೆಯುತ್ತೇವೆ. ಇದು ಕೋಲಾರ ಜಿಲ್ಲೆಯ ಕೆಜಿಎಫ್. ನಮ್ಮ ಮನೆ ಇರುವುದು ರಾಬರ್ಟ್‌ಸನ್‌ಪೇಟೆಯಲ್ಲಿ. ಇವತ್ತಿನ ವಿಡಿಯೋ ನನ್ನ ಓದಿನ ಬಗ್ಗೆ.

ನಾನೀಗ ಆನ್‌ಲೈನ್‌ನಲ್ಲಿ ಒಂದು ಕಾಲೇಜ್ ಕೋರ್ಸ್ ಮಾಡುತ್ತಿದ್ದೇನೆ. ವಿಷಯ, ಮಾಡರ್ನಿಸ್ಟ್ ವಿಶ್ವಸಾಹಿತ್ಯ. ಕಳೆದ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ ಬಂದ ಕಥೆ, ಕಾದಂಬರಿ, ಕವಿತೆಗಳು. ಪ್ರಾಗ್‌ನ ಕಾಫ್ಕಾ, ಲಂಡನ್ನಿನ ವರ್ಜೀನಿಯಾ ವುಲ್ಫ್, ಡಬ್ಲಿನ್‌ನ ಜೇಮ್ಸ್ ಜಾಯ್ಸ್, ಚೀನಾದ ಲೂ ಶುನ್, ಜಪಾನಿನ ಅಕುತಗಾವ. ನಮ್ಮ ನವ್ಯದವರು, ಅಡಿಗರು, ಅನಂತಮೂರ್ತಿಯವರು, ಇವರಲ್ಲಿ ಹಲವರನ್ನು ಓದಿಕೊಂಡೇ ಬರೆದವರು. ಹಾಗಾಗಿ ಪೂರ್ತಿ ಹೊಸಬರ ಮನೆಗೆ ಹೋದ ಹಾಗೆ ಅನಿಸಲಿಲ್ಲ.

ಕೆಲಸ ಇರುವುದು ವೈಟ್‌ಫೀಲ್ಡ್‌ನಲ್ಲಿ. ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೇನೆ. ಬಂಗಾರಪೇಟೆ, ಟೇಕಲ್, ಮಾಲೂರು ದಾಟುವ ತನಕ ಓದಲು ಸಮಯ ಸಿಗುತ್ತದೆ. ಸೀಟು ಸಿಕ್ಕರೆ ಪುಸ್ತಕ, ನಿಂತಿದ್ದರೆ ಫೋನು. ಸಂಜೆ ಮನೆಗೆ ಬಂದು ಊಟ ಮುಗಿಸಿ ಕ್ಲಾಸಿಗೆ ಕೂರುತ್ತೇನೆ.

ಕಾಫ್ಕಾನ ‘ಮೆಟಮಾರ್ಫಸಿಸ್’ ಓದಿದ್ದು ಈ ರೈಲಿನಲ್ಲೇ. 1915ರಲ್ಲಿ ಪ್ರಕಟವಾದ ಕಥೆ. ಗ್ರೆಗರ್ ಸಂಸಾ ಅನ್ನುವವನು ಬೆಳಿಗ್ಗೆ ಎದ್ದಾಗ ದೊಡ್ಡ ಹುಳು ಆಗಿರುತ್ತಾನೆ. ಇದು ಬಹಳ ಜನಕ್ಕೆ ಗೊತ್ತು. ಆದರೆ ಹುಳು ಆದ ಮೇಲೆ ಅವನಿಗೆ ಯಾವುದರ ಚಿಂತೆ ಗೊತ್ತಾ? ರೈಲಿನದು. ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದ, ಐದು ಗಂಟೆಯ ರೈಲು ತಪ್ಪಿಹೋಯಿತು, ಮುಂದಿನದು ಏಳಕ್ಕೆ, ಆಫೀಸಿನವರು ಏನು ಅನ್ನುತ್ತಾರೋ. ಮೈ ಹೀಗಾಯಿತಲ್ಲ ಅನ್ನುವ ಯೋಚನೆಯನ್ನು ಕೆಲಸದ ಯೋಚನೆ ತಳ್ಳಿಬಿಡುತ್ತದೆ. ಅದನ್ನು ಓದುವಾಗ ಬೋಗಿಯಲ್ಲಿ ಸುತ್ತ ಇದ್ದವರ ಮುಖ ನೋಡಿದೆ. ಅರ್ಧ ಜನ ನಿದ್ದೆಯಲ್ಲಿದ್ದರು. ಇವರಲ್ಲಿ ಯಾರಿಗೆ ಬೇಕಾದರೂ ಈ ಕಥೆ ಒಂದೇ ಸಲಕ್ಕೆ ಅರ್ಥ ಆಗುತ್ತದೆ ಅಂತ ಅನಿಸಿತು.

ಈ ಸಾಹಿತ್ಯ ಕಷ್ಟ, ಕಷ್ಟ ಅನ್ನುತ್ತಾರೆ ಅಲ್ವಾ? ಕೆಲವು ಕಷ್ಟವೇ. ಜಾಯ್ಸ್‌ನ ‘ಯುಲಿಸಿಸ್’ 1922ರಲ್ಲಿ ಬಂತು, ನಡೆಯುವುದೆಲ್ಲ 1904ರ ಜೂನ್ 16ರ ಸುತ್ತ, ಕೊನೆಯ ಅಧ್ಯಾಯದಲ್ಲಿ ವಿರಾಮ ಚಿಹ್ನೆಗಳೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ವರ್ಷದ ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವಿತೆಯ ಕೊನೆಯಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಗುಡುಗಿನ ಮಾತು, ಅದಾದ ಮೇಲೆ ಶಾಂತಿ ಶಾಂತಿ ಶಾಂತಿ. ಇಂಥವಕ್ಕೆ ಮೇಷ್ಟ್ರು ಬೇಕು, ಟಿಪ್ಪಣಿ ಬೇಕು.

ಆದರೆ ನನಗೆ ಈ ಎಲ್ಲಕ್ಕೂ ಒಂದು ಬಾಗಿಲು ಸಿಕ್ಕಿದೆ. ಇದರ ಅರ್ಥ ಏನು ಅಂತ ಓಡುವ ಮೊದಲು, ಇಲ್ಲಿ ನೋಡುತ್ತಿರುವವರು ಯಾರು, ಎಲ್ಲಿ ನಿಂತು ನೋಡುತ್ತಿದ್ದಾರೆ ಅಂತ ಕೇಳಬೇಕು. ಹಳೆಯ ಕಾದಂಬರಿಗಳಲ್ಲಿ ಹೆಚ್ಚಾಗಿ ಎಲ್ಲ ಬಲ್ಲ ಒಬ್ಬರು ಕಥೆ ಹೇಳುತ್ತಾರೆ. ಈ ಮಾಡರ್ನಿಸ್ಟರು ಆ ಜಾಗವನ್ನು ಖಾಲಿ ಮಾಡಿಸಿದರು. ವುಲ್ಫ್‌ರ ‘ಮಿಸೆಸ್ ಡ್ಯಾಲೊವೆ’ಯಲ್ಲಿ ಒಂದೇ ದಿನ, ಒಂದೇ ಲಂಡನ್. ಸಂಜೆ ಪಾರ್ಟಿ ಇಟ್ಟುಕೊಂಡ ಹೆಂಗಸಿಗೆ ಕಾಣುವ ಊರೇ ಬೇರೆ. ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೆಪ್ಟಿಮಸ್‌ಗೆ ಕಾಣುವ ಊರೇ ಬೇರೆ. ಬಿಗ್ ಬೆನ್ ಗಡಿಯಾರ ಮಾತ್ರ ಇಬ್ಬರಿಗೂ ಹೊಡೆಯುತ್ತದೆ.

ನಾನು ಇವತ್ತು ಹೇಳಬೇಕಾದ ಕಥೆ ಇನ್ನೂ ಚಿಕ್ಕದು. ಕಾಫ್ಕಾನದೇ, ‘ಗಣಿಗೆ ಒಂದು ಭೇಟಿ’. ಮೊದಲ ಮಹಾಯುದ್ಧದ ಕಾಲದಲ್ಲಿ ಬರೆದದ್ದು, ಕೆಲವೇ ಪುಟ. ಕೋರ್ಸಿನ ಪಟ್ಟಿಯಲ್ಲಿ ಹೆಸರು ನೋಡಿದ ಕೂಡಲೇ ಅಸೈನ್‌ಮೆಂಟಿಗೆ ಇದನ್ನೇ ತೆಗೆದುಕೊಂಡೆ. ಕೆಜಿಎಫ್‌ನವರು ಇದನ್ನು ಬಿಡುವುದುಂಟಾ?

ಕಥೆ ಹೇಳುವವನು ಕಲ್ಲಿದ್ದಲು ಗಣಿಯ ಒಬ್ಬ ಕೂಲಿ. ಇವತ್ತು ದೊಡ್ಡ ಎಂಜಿನಿಯರ್‌ಗಳು ಕೆಳಗೆ ಬಂದಿದ್ದರು ಅಂತ ಶುರು ಮಾಡುತ್ತಾನೆ. ಹೊಸ ಸುರಂಗ ತೋಡಬೇಕು, ಅಳತೆ ಮಾಡಲು ಬಂದಿದ್ದಾರೆ. ಹತ್ತು ಜನ. ಒಬ್ಬೊಬ್ಬರನ್ನೇ ವರ್ಣಿಸುತ್ತಾ ಹೋಗುತ್ತಾನೆ. ಒಬ್ಬ ಕಣ್ಣನ್ನು ಎಲ್ಲ ಕಡೆ ಓಡಿಸುತ್ತಾನೆ. ಒಬ್ಬ ನಡೆಯುತ್ತಲೇ ಪುಸ್ತಕದಲ್ಲಿ ಚಿತ್ರ ಬರೆಯುತ್ತಾನೆ. ಒಬ್ಬ ಕೋಟಿನ ಜೇಬಿನಲ್ಲಿ ಕೈ ಇಟ್ಟು ಸೆಟೆದುಕೊಂಡು ನಡೆಯುತ್ತಾನೆ, ಆದರೆ ತುಟಿ ಕಚ್ಚುತ್ತಲೇ ಇರುತ್ತಾನೆ. ಒಬ್ಬ ಜೇಬಿನಿಂದ ಚಿಕ್ಕ ಸುತ್ತಿಗೆ ತೆಗೆದು ಕಂಡಲ್ಲೆಲ್ಲ ತಟ್ಟುತ್ತಾನೆ. ಒಳ್ಳೆಯ ಬಟ್ಟೆ ಹಾಕಿಕೊಂಡೇ ಕೊಳೆಯಲ್ಲಿ ಮಂಡಿಯೂರುತ್ತಾನೆ, ಒಂದು ಸಲವಂತೂ ಉದ್ದಕ್ಕೆ ಮಲಗಿಯೇಬಿಡುತ್ತಾನೆ. ಇನ್ನೊಬ್ಬ ಅಳತೆಯ ಉಪಕರಣಗಳ ಕೈಗಾಡಿ ತಳ್ಳುತ್ತಾನೆ. ಇವರೆಲ್ಲರ ಹಿಂದೆ ಕೆಲಸವಿಲ್ಲದ ಒಬ್ಬ ಆಫೀಸ್ ಜವಾನ. ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಕೈಯಿಂದ ಚಿನ್ನದ ಬಣ್ಣದ ಗುಂಡಿ ಸವರುತ್ತಾ, ಯಾರೂ ನಮಸ್ಕಾರ ಮಾಡದಿದ್ದರೂ ಎಡಕ್ಕೆ ಬಲಕ್ಕೆ ತಲೆ ಆಡಿಸುತ್ತಾ ಬರುತ್ತಾನೆ. ಎಂಜಿನಿಯರ್‌ಗಳಿಗೆ ಇಲ್ಲದ ಗತ್ತೆಲ್ಲ ಅವನಲ್ಲಿ.

ಅಷ್ಟೇ. ಅವರು ಕತ್ತಲೆಯೊಳಗೆ ಹೋಗುತ್ತಾರೆ. ಪಾಳಿ ಮುಗಿಯುತ್ತಾ ಬಂತು, ಅವರು ವಾಪಸ್ ಬರುವುದನ್ನು ನಾವು ನೋಡುವುದಿಲ್ಲ ಅನ್ನುತ್ತಾನೆ ಕೂಲಿ.

ಕ್ಲಾಸಿನಲ್ಲಿ ಮಾತು ಬೇಗ ಸಂಕೇತದ ಕಡೆ ಹೋಯಿತು. ಹತ್ತು ಜನ ಅಂದರೆ ಯಾರು? ದೇವದೂತರಾ, ಬರಹಗಾರರಾ, ಸರ್ಕಾರವಾ? ಸುತ್ತಿಗೆಯವನು ಹುಚ್ಚನ ಹಾಗೆ ಕಾಣುತ್ತಾನೆ, ಅದು ಅಸಂಗತ ಹಾಸ್ಯ ಅಂತ ಕೆಲವರು ಅಂದರು. ಕ್ಲಾಸ್ ಮುಗಿಯಿತು, ಸ್ಕ್ರೀನ್ ಕಪ್ಪಾಯಿತು. ದೂರದಿಂದ ಓದುವುದರಲ್ಲಿ ನನಗೆ ಕೊರತೆ ಅನಿಸುವುದು ಈ ಹೊತ್ತಿನಲ್ಲಿ. ಕಾಲೇಜಿನಲ್ಲಾದರೆ ಮೆಟ್ಟಿಲ ಮೇಲೆ ಕೂತು ಇನ್ನೂ ಅರ್ಧ ಗಂಟೆ ವಾದ ಮಾಡಬಹುದಿತ್ತು. ಇಲ್ಲಿ ತಲೆ ತುಂಬ ಮಾತಿರುತ್ತದೆ, ಎದುರಿಗೆ ಗೋಡೆ ಇರುತ್ತದೆ.

ಮರುದಿನ ಪಕ್ಕದ ಮನೆ ತಾತನಿಗೆ ಈ ಕಥೆ ಹೇಳಿದೆ. ಅವರು ಗಣಿಯ ಒಳಗೆ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚುವ ತನಕ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, ಇಳಿದವರು. ಜಗಲಿ ಮೇಲೆ ಕೂತು ಪೂರ್ತಿ ಕೇಳಿದರು. ಸುತ್ತಿಗೆಯವನ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಅವನು ಹುಚ್ಚ ಅಲ್ಲಮ್ಮ. ಅವನೊಬ್ಬನೇ ಕೆಲಸ ಗೊತ್ತಿರೋನು. ಬಂಡೆ ತಟ್ಟಿ ಕೇಳಬೇಕು. ಟಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಅದರ ಕೆಳಗೆ ನಿಲ್ಲಬಾರದು. ನಾವೂ ದಿನಾ ತಟ್ಟಿ ನೋಡ್ತಿದ್ವಿ.”

ಆಮೇಲೆ ಏರ್ ಬ್ಲಾಸ್ಟ್ ಬಗ್ಗೆ ಹೇಳಿದರು. ಆಳದಲ್ಲಿ ಬಂಡೆ ಮೇಲಿನ ಒತ್ತಡ ತಡೆಯಲಾರದೆ ಇದ್ದಕ್ಕಿದ್ದ ಹಾಗೆ ಸಿಡಿಯುವುದನ್ನು ಗಣಿಯವರು ಹಾಗೆ ಕರೆಯುತ್ತಿದ್ದರು. ಇಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಅಷ್ಟು ಕೆಳಗೆ ಕಲ್ಲಿನ ಮಾತು ಕೇಳಿಸಿಕೊಳ್ಳುವುದು ಜೀವದ ಪ್ರಶ್ನೆ. ಜವಾನನ ಭಾಗಕ್ಕೆ ತಾತ ಜೋರಾಗಿ ನಕ್ಕರು. “ಅವನು ಇದ್ದೇ ಇರ್ತಾನೆ, ಯಾವ ಸಾಹೇಬ್ರು ಬಂದ್ರೂ ಹಿಂದೆ ಒಬ್ಬ.” ಕೊನೆಗೆ ಕೇಳಿದರು, “ಇದನ್ನ ಬರೆದೋನು ಎಂದಾದ್ರೂ ಒಳಗೆ ಇಳಿದಿದ್ನಾ?”

ಆ ಪ್ರಶ್ನೆಯಿಂದಲೇ ನಾನು ಕಾಫ್ಕಾನ ಕೆಲಸದ ಬಗ್ಗೆ ಓದಲು ಕೂತೆ. ಅವನು 1908ರಿಂದ 1922ರ ತನಕ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿದ್ದ. ಕಾನೂನು ಓದಿದವನು. ಮಧ್ಯಾಹ್ನ ಎರಡಕ್ಕೆ ಆಫೀಸ್ ಮುಗಿಯುತ್ತಿತ್ತು, ಬರೆಯುತ್ತಿದ್ದದ್ದು ರಾತ್ರಿ. ಮರ ಹೆರೆಯುವ ಯಂತ್ರಗಳಲ್ಲಿ ಬೆರಳು ತುಂಡಾಗುವುದನ್ನು ತಡೆಯಲು ಅಲಗು ಕೂರಿಸುವ ಶಾಫ್ಟ್ ಯಾವ ನಮೂನೆಯದಿರಬೇಕು ಅಂತ ಚಿತ್ರ ಸಮೇತ ವರದಿ ಬರೆದಿದ್ದಾನೆ. ಬೆರಳು ಕಳೆದುಕೊಂಡ ಕೈಗಳ ಚಿತ್ರಗಳೂ ಅದರಲ್ಲಿವೆ. ಕಲ್ಲು ಕ್ವಾರಿಗಳಲ್ಲಿ ಅಪಘಾತ ತಡೆಯುವ ಬಗ್ಗೆಯೂ ಬರೆದಿದ್ದಾನೆ. ಕಲ್ಲು ಜಾರಿ ಬಿದ್ದರೆ ಏನಾಗುತ್ತದೆ ಅನ್ನುವುದು ಅವನ ಮೇಜಿನ ಮೇಲಿನ ದಿನನಿತ್ಯದ ವಿಷಯ. ಇದನ್ನು ಹೇಳಿದಾಗ ತಾತ, “ಹಾಗಾದ್ರೆ ಸರಿ” ಅಂದರು.

ಸಂಕೇತ ಹುಡುಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಫ್ಕಾ ಆ ಬಾಗಿಲನ್ನೂ ತೆರೆದೇ ಇಟ್ಟಿದ್ದಾನೆ. ಆದರೆ ಕೂಲಿಯ ಕಣ್ಣನ್ನು ಬಿಟ್ಟು ನೇರವಾಗಿ ಸಂಕೇತಕ್ಕೆ ಹಾರಿದರೆ ಕಥೆಯ ಜೀವವೇ ಹೋಗುತ್ತದೆ. ಈ ಕಥೆಯಲ್ಲಿ ಓದಿದವರು ಓದದವರನ್ನು ನೋಡುವುದಿಲ್ಲ. ಓದದವನು ಓದಿದವರನ್ನು ನೋಡುತ್ತಾನೆ, ಅದೂ ಎಷ್ಟು ಸೂಕ್ಷ್ಮವಾಗಿ! ಯಾರು ಹೆದರಿದ್ದಾನೆ, ಯಾರಿಗೆ ಅವಸರ, ಯಾರದು ಸುಮ್ನೆ ಗತ್ತು, ಎಲ್ಲ ಅವನಿಗೆ ಗೊತ್ತು. ಅವರಿಗೆ ಮಾತ್ರ ಇವನು ಅಲ್ಲಿ ಇರುವುದೇ ಗೊತ್ತಿಲ್ಲ.

ಇನ್ನೊಂದು ವಿಷಯ. ಮಾಡರ್ನಿಸಂ ಯಾಕೆ ಹುಟ್ಟಿತು ಅಂತ ಕೇಳಿದರೆ ರೈಲು, ಕಾರ್ಖಾನೆ, ಕರೆಂಟು, ಮಹಾಯುದ್ಧ ಅಂತ ಪಾಠದಲ್ಲಿ ಬರುತ್ತದೆ. ಕರೆಂಟು ಅಂದ ಕೂಡಲೇ ನನಗೆ ನಮ್ಮೂರು ನೆನಪಾಯಿತು. ಶಿವನಸಮುದ್ರದ ವಿದ್ಯುತ್ ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಹರಿದು 1902ರಲ್ಲೇ ಕೆಜಿಎಫ್ ಗಣಿಗಳಿಗೆ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಕಾಫ್ಕಾ ಆಗಿನ್ನೂ ಕಾಲೇಜ್ ಹುಡುಗ. ಪಾಳಿ, ಸೈರನ್, ರಾತ್ರಿಯನ್ನೂ ಹಗಲು ಮಾಡುವ ದೀಪ, ಭೂಮಿಯೊಳಗೆ ಬಿಸಿಯಲ್ಲಿ ದುಡಿಯುವ ಸಾವಿರಾರು ಜನ. ಆ ಕಾಲದ ಅನುಭವ ಯುರೋಪಿನಲ್ಲಿ ಮಾತ್ರ ಇತ್ತು, ನಮಗೆ ಪುಸ್ತಕದ ಮೂಲಕ ಬಂತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅನುಭವ ಇಲ್ಲೇ ಇತ್ತು. ಅದನ್ನು ಬರೆದವರು ಕಡಿಮೆ.

ಮಾಲೂರು ಬಂದಾಗಲೆಲ್ಲ ನಾನು ಮಾಸ್ತಿಯವರನ್ನು ನೆನೆಯುತ್ತೇನೆ. ಆ ತಾಲೂಕಿನವರು, ಹುಟ್ಟಿದ್ದು 1891ರಲ್ಲಿ, ಕಾಫ್ಕಾನಿಗಿಂತ ಎಂಟು ವರ್ಷ ಚಿಕ್ಕವರು. ಅವರು ಮಾಡರ್ನಿಸ್ಟ್ ಅಲ್ಲ, ಅವರ ದಾರಿ ನೆಮ್ಮದಿಯದು. ಆದರೂ ಅವರ ಎಷ್ಟೋ ಕಥೆಗಳಲ್ಲಿ ಕಥೆ ಹೇಳುವವನು ಯಾರು, ಅವನಿಗೆ ಇದು ಹೇಗೆ ಗೊತ್ತಾಯಿತು ಅನ್ನುವುದು ಮೊದಲೇ ಬರುತ್ತದೆ. ಅವರಿಬ್ಬರನ್ನು ಅಕ್ಕಪಕ್ಕ ಇಟ್ಟು ಒಂದು ಪ್ರಬಂಧ ಬರೆಯುವ ಆಸೆ ನನಗಿದೆ.

ಅಸೈನ್‌ಮೆಂಟಿನಲ್ಲಿ ತಾತನ ಟಣ್, ಡಬ್ ಮಾತನ್ನು ಸೇರಿಸಿದೆ. ಮೇಡಂ ಮುಂದಿನ ಕ್ಲಾಸಿನಲ್ಲಿ ಆ ಪ್ಯಾರಾ ಓದಿಸಿದರು. ಆಮೇಲೆ ಎಲ್ಲರೂ ಸುತ್ತಿಗೆಯವನ ಬಗ್ಗೆ ಮತ್ತೆ ಮಾತಾಡಿದೆವು. ನೀವೂ ಹೀಗೆ ದೂರದಿಂದ ಓದುತ್ತಿದ್ದರೆ, ಓದಿದ್ದನ್ನು ಮನೆಯಲ್ಲಿ, ಬೀದಿಯಲ್ಲಿ ಯಾರಿಗಾದರೂ ಹೇಳಿ ನೋಡಿ. ಅವರು ಆ ಪುಸ್ತಕ ಓದಿರಬೇಕು ಅಂತೇನಿಲ್ಲ.

ಮುಂದಿನ ಪಾಠ ಅಕುತಗಾವನ ‘ಇನ್ ಎ ಗ್ರೋವ್’, ಇದೂ 1922ರದ್ದೇ. ಬಿದಿರು ಕಾಡಿನಲ್ಲಿ ಒಬ್ಬ ಸತ್ತಿದ್ದಾನೆ, ಏಳು ಜನರ ಹೇಳಿಕೆ ಇದೆ, ಸತ್ತವನೂ ಆತ್ಮವನ್ನು ಮೈಮೇಲೆ ಬರಿಸಿಕೊಳ್ಳುವ ಒಬ್ಬರ ಬಾಯಿಂದ ಮಾತಾಡುತ್ತಾನೆ, ಒಂದಕ್ಕೊಂದು ಹೊಂದುವುದಿಲ್ಲ. ಕುರೊಸಾವ 1950ರಲ್ಲಿ ‘ರಾಶೊಮೊನ್’ ಸಿನಿಮಾ ಮಾಡಿದ್ದು ಈ ಕಥೆ ಹಿಡಿದು. ಭಾನುವಾರ ಇದನ್ನು ತಾತನಿಗೆ ಹೇಳುತ್ತೇನೆ. ಏಳರಲ್ಲಿ ಯಾರ ಮಾತನ್ನು ಅವರು ನಂಬುತ್ತಾರೆ ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.