ಬ್ಲಾಗ್ ಎಲ್ಲಿ ಬರೀಬೇಕು ಅಂತ ಕೇಳೋರಿಗೆ

ನಮಸ್ಕಾರ ಎಲ್ರಿಗೂ. ಕನ್ನಡದಲ್ಲಿ ಬ್ಲಾಗ್ ಶುರು ಮಾಡ್ಬೇಕು ಅಂತಿದೀನಿ, ಬ್ಲಾಗರ್ (ಲಿಂಕಲ್ಲಿ ಬ್ಲಾಗ್‌ಸ್ಪಾಟ್ ಅಂತ ಬರುತ್ತಲ್ಲ, ಅದೇ) ಒಳ್ಳೇದಾ, ವರ್ಡ್‌ಪ್ರೆಸ್ ಒಳ್ಳೇದಾ, ಇಲ್ಲ ಈಗ ಎಲ್ರೂ ಹೇಳ್ತಿರೋ, ಬರೆದಿದ್ದನ್ನ ಓದುಗರ ಇಮೇಲ್‌ಗೇ ಕಳಿಸೋ ಸಬ್‌ಸ್ಟ್ಯಾಕಾ ಅಂತ ಆಗಾಗ ಯಾರಾದ್ರೂ ಕೇಳ್ತಾನೇ ಇರ್ತಾರೆ. ಇದಕ್ಕೆ ಯೂಟ್ಯೂಬಲ್ಲಿ ಹುಡುಕಿದ್ರೆ ಥೀಮ್ ಎಷ್ಟಿದೆ, ಪ್ಲಗಿನ್ ಎಷ್ಟಿದೆ, ಎಸ್‌ಇಒ (ಗೂಗಲಲ್ಲಿ ಹುಡುಕಿದ್ರೆ ಮೇಲೆ ಬರೋ ಹಾಗೆ ಮಾಡೋದು) ಹೇಗೆ, ಆಡ್ಸ್‌ನಿಂದ ದುಡ್ಡು ಎಷ್ಟು ಬರುತ್ತೆ, ಬರೀ ಇದೇ ಸಿಗುತ್ತೆ. ಆದ್ರೆ ಕನ್ನಡದಲ್ಲಿ ವರ್ಷಗಟ್ಟಲೆ ಬ್ಲಾಗ್ ಬರೆದೋರನ್ನ ಕೂರಿಸ್ಕೊಂಡು ಕೇಳಿ ನೋಡಿ, ಈ ಲೆಕ್ಕ ಹಾಕಿ ಪ್ಲಾಟ್‌ಫಾರ್ಮ್ ಆರಿಸ್ಕೊಂಡೋರು ಸಿಗೋದೇ ಕಷ್ಟ. "ನಮ್ ಫ್ರೆಂಡ್ ಬ್ಲಾಗ್‌ಸ್ಪಾಟಲ್ಲಿ ಬರೀತಿದ್ದ, ಅವನೇ ನನಗೂ ಒಂದು ಮಾಡ್ಕೊಟ್ಟ" ಅಂತಾರೆ, ಅಷ್ಟೇ. ನನ್ನ ಪ್ರಕಾರ ಅದು ತುಂಬಾ ಸರಿಯಾದ ಕಾರಣ.

ಯಾಕೆ ಅಂದ್ರೆ 2005, 2006ರ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಕನ್ನಡ ಪೇಜ್ ತೆಗೆದ್ರೆ ಒತ್ತಕ್ಷರ ಕೆಳಗೆ ಕೂರ್ತಿರ್ಲಿಲ್ಲ, ಪಕ್ಕಕ್ಕೆ ಬಿದ್ದಿರ್ತಿತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಸೆಟ್ಟಿಂಗ್ಸ್ ತೆಗೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಒಂದು ಕಡೆ ಟಿಕ್ ಹಾಕ್ಬೇಕು, ಹಾಕಿದ ತಕ್ಷಣ ಎಕ್ಸ್‌ಪಿ ಸಿಡಿ ಹಾಕು ಅಂತ ಕೇಳ್ತಿತ್ತು, ಆ ಸಿಡಿ ಮನೇಲಿ ಇರ್ತಿರ್ಲಿಲ್ಲ. ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ದನ್ನ ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಚಿಹ್ನೆಗಳು, ಅದನ್ನ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಥರ ಇರೋ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಬೇಕಿತ್ತು. ಇದೆಲ್ಲ ಗೊತ್ತಿರೋ ಒಬ್ಬ ಸ್ನೇಹಿತ ಫೋನಲ್ಲಿ ಸಿಕ್ರೆ ಬ್ಲಾಗ್ ಆಯ್ತು, ಇಲ್ದಿದ್ರೆ ಇಲ್ಲ. ಆ ಸ್ನೇಹಿತ ಯಾವ ಪ್ಲಾಟ್‌ಫಾರ್ಮಲ್ಲಿ ಇದ್ನೋ ನೀವೂ ಅದರಲ್ಲೇ.

ಹಾಗಾದ್ರೆ ಆ ಸ್ನೇಹಿತರೆಲ್ಲ ಬ್ಲಾಗರ್‌ನಲ್ಲೇ ಯಾಕಿದ್ರು? ಮೊದಲ್ನೇದು ದುಡ್ಡು. 2003ರಲ್ಲಿ ಗೂಗಲ್ ಅದನ್ನ ಕೊಂಡ್ಕೊಂಡ್ಮೇಲೆ ಪೂರ್ತಿ ಫ್ರೀ, ಆನ್‌ಲೈನಲ್ಲಿ ಹೋಸ್ಟಿಂಗ್‌ಗೆ (ಬ್ಲಾಗ್ ಇಡೋ ಬಾಡಿಗೆ ಜಾಗಕ್ಕೆ) ದುಡ್ಡು ಕಟ್ಟೋಕೆ ಕ್ರೆಡಿಟ್ ಕಾರ್ಡ್ ಎಷ್ಟು ಜನರ ಹತ್ರ ಇತ್ತು ಆಗ? ಆಮೇಲೆ ಗೂಗಲ್‌ನೋರು ಎಡಿಟರ್ ಒಳಗೇ ಟ್ರಾನ್ಸ್‌ಲಿಟರೇಶನ್ ಕೊಟ್ರು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಸ್ಪೇಸ್ ಒತ್ತಿದ್ರೆ ಕನ್ನಡ, ಎಷ್ಟೋ ಮೇಷ್ಟ್ರುಗಳು, ಗೃಹಿಣಿಯರು ಬರೆಯೋಕೆ ಕೂತಿದ್ದೇ ಅದರಿಂದ. ಆದ್ರೆ ಎಲ್ಲಕ್ಕಿಂತ ದೊಡ್ಡದು ಆ ಸೈಡ್‌ಬಾರಲ್ಲಿ ಬರ್ತಿದ್ದ ಮೈ ಬ್ಲಾಗ್ ಲಿಸ್ಟ್. ನಿಮಗಿಷ್ಟದ ಬ್ಲಾಗ್‌ಗಳನ್ನ ಅಲ್ಲಿ ಸೇರಿಸಿದ್ರೆ, ಯಾರು ಹೊಸದು ಬರೆದ್ರೋ ಅವರ ಹೆಸರು ತಾನಾಗೇ ಮೇಲಕ್ಕೆ ಬರ್ತಿತ್ತು, ಪೋಸ್ಟಿನ ಶೀರ್ಷಿಕೆ ಸಮೇತ. ಶಿವಮೊಗ್ಗದೋರ ಬ್ಲಾಗ್ ಓದ್ತಾ ಓದ್ತಾ ಪಕ್ಕದಲ್ಲಿ ಅಮೆರಿಕದಲ್ಲಿರೋ ಒಬ್ಬರ ಪ್ರಬಂಧ, ಅಲ್ಲಿಂದ ಕುಂದಾಪ್ರದೋರ ಕವಿತೆ, ಹೀಗೆ ರಾತ್ರಿ ಹನ್ನೆರಡಾಗಿದ್ದೇ ಗೊತ್ತಾಗ್ತಿರ್ಲಿಲ್ಲ. ಓದುಗರನ್ನ ತಂದುಕೊಟ್ಟಿದ್ದು ಆ ಪಟ್ಟಿ. ಇದೇ ಕಾರಣಕ್ಕೆ ಇನ್ನೊಂದಿಷ್ಟು ಜನ ಹರಿಪ್ರಸಾದ್ ನಾಡಿಗರು 2005ರಲ್ಲಿ ಶುರು ಮಾಡಿದ ಸಂಪದ ಅನ್ನೋ, ಎಲ್ರೂ ಸೇರಿ ಬರೆಯೋ ಕನ್ನಡ ಸೈಟಲ್ಲೇ ಬರೀತಿದ್ರು, ಅಲ್ಲಿ ಬರೆದ್ರೆ ಅರ್ಧ ಗಂಟೇಲಿ ಯಾರಾದ್ರೂ ಪ್ರತಿಕ್ರಿಯೆ ಹಾಕೋರು ಅನ್ನೋ ನಂಬಿಕೆ. ತುಂಬಾ ಜನರ ಬರಹ ಒಟ್ಟಿಗೆ ಹಾಕ್ಬೇಕು ಅಂದ್ಕೊಂಡೋರು ವರ್ಡ್‌ಪ್ರೆಸ್ ಕಡೆ ಹೋದ್ರು, ಪತ್ರಕರ್ತ ಜಿ.ಎನ್. ಮೋಹನ್ ಅವ್ರ ಅವಧಿ ಅನ್ನೋ ಸಾಹಿತ್ಯದ ಸೈಟು ಹಾಗೇ ವರ್ಡ್‌ಪ್ರೆಸ್ಸಲ್ಲಿ ಶುರುವಾಗಿ ಆಮೇಲೆ ದುಡ್ಡು ಕೊಟ್ಟು ತಗೊಳ್ಳೋ ಸ್ವಂತ ವಿಳಾಸ, ಅಂದ್ರೆ ಡೊಮೈನ್‌ಗೆ ಬಂತು. ದುಡ್ಡು ಸಂಪಾದಿಸೋಕೆ ಅಂತೂ ಯಾರೂ ಆರಿಸ್ಕೊಂಡಿಲ್ಲ, ಬ್ಲಾಗಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡೋ ಗೂಗಲ್‌ನ ಆಡ್‌ಸೆನ್ಸ್ ಹಿಂದಿಗೆ ಬಂದಿದ್ದೇ 2014ರಲ್ಲಿ, ಕನ್ನಡದೋರು ಅದಾದ್ಮೇಲೂ ವರ್ಷಗಟ್ಟಲೆ ಕಾದ್ರು.

ಇನ್ನೊಂದು ವಿಷಯ ಇದೆ, ಇದನ್ನ ಯಾವ ಕಂಪ್ಯಾರಿಸನ್ ವಿಡಿಯೋದಲ್ಲೂ ಹೇಳೋದನ್ನ ನಾನು ಕೇಳಿಲ್ಲ. ಲಿಂಕ್. ಬ್ಲಾಗರ್‌ನಲ್ಲಿ ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಲಿಂಕಲ್ಲಿ ಆ ಶೀರ್ಷಿಕೆ ಬರೋದೇ ಇಲ್ಲ, ಬರೀ ಬ್ಲಾಗ್-ಪೋಸ್ಟ್ ಅಂತ ಬಂದು ಮುಂದೆ ಒಂದು ನಂಬರ್. ನೀವು ನೂರು ಲೇಖನ ಬರೆದ್ರೂ ಲಿಂಕ್ ನೋಡಿ ಯಾವ್ದು ಯಾವ್ದು ಅಂತ ಹೇಳೋಕಾಗಲ್ಲ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನೇ ಲಿಂಕಿಗೆ ತಗೊಳುತ್ತೆ, ಸಂತೋಷ, ಆದ್ರೆ ಒಳಗೊಳಗೆ ಒಂದೊಂದು ಕನ್ನಡ ಚಿಹ್ನೆನೂ (ಕಾಗುಣಿತದ ಗುರುತೂ ಬೇರೆ ಚಿಹ್ನೆ ಅಂತಲೇ ಲೆಕ್ಕ) ಪರ್ಸೆಂಟ್ ಗುರುತು ಸೇರಿಸಿ 9 ಅಕ್ಷರ ಆಗುತ್ತೆ, ಲಿಂಕಿನ ಆ ಭಾಗಕ್ಕೆ ಮಿತಿ ಇರೋದು 200 ಅಕ್ಷರ. ಉದ್ದದ ಶೀರ್ಷಿಕೆ ಕೊಟ್ರೆ ಅರ್ಧಕ್ಕೆ ಕಟ್. ಅದನ್ನ ವಾಟ್ಸಾಪ್‌ಗೆ ಹಾಕಿದ್ರೆ ಮೂರು ಸಾಲು ಬರೀ ಪರ್ಸೆಂಟ್ ಪರ್ಸೆಂಟ್, ನೋಡಿದೋರು ವೈರಸ್ ಅಂದ್ಕೊಂಡು ಒತ್ತೋದೇ ಇಲ್ಲ. ಎರಡರಲ್ಲೂ ಲಿಂಕನ್ನ ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡೋ ಜಾಗ ಇದೆ, ಪಬ್ಲಿಶ್ ಒತ್ತೋಕೆ ಮುಂಚೆ ಅದನ್ನ ಮಾಡಿ, ಆಮೇಲೆ ಬದಲಾಯಿಸಿದ್ರೆ ಹಳೇ ಲಿಂಕ್ ಕೈ ಕೊಡಬಹುದು.

ಈಗ ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯಕ್ಕೆ ಬರ್ತೀನಿ. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟ ಆದ್ಮೇಲೆ, ಸರ್ಕಾರ ಕೆಲವೇ ಸೈಟುಗಳನ್ನ ಬ್ಲಾಕ್ ಮಾಡಿ ಅಂದಿದ್ದಕ್ಕೆ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿಟ್ಟವು, ನಮ್ಮ ಬ್ಲಾಗ್ ನಮಗೇ ಕಾಣದ ಹಾಗಾಗಿತ್ತು. ಆಮೇಲೆ 2012ರಿಂದ ನಮ್ಮ ದೇಶದಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ತೆಗೆದ್ರೆ ತಾನಾಗೇ ಡಾಟ್ ಇನ್‌ಗೆ ಹೋಗ್ತಿತ್ತು, ಜನ ಆ ಲಿಂಕನ್ನೇ ಕಾಪಿ ಮಾಡಿ ಎಲ್ಲಾ ಕಡೆ ಹಂಚಿದ್ರು. 2020ರಲ್ಲಿ ಆ ಡಾಟ್ ಇನ್ ಹೆಸರೇ ಗೂಗಲ್ ಕೈ ತಪ್ಪಿ ಹೋಯ್ತು, ಬೇರೆಯವರ ಪಾಲಾಯ್ತು. ಹಂಚಿದ್ದ ಲಿಂಕುಗಳೆಲ್ಲ ಸತ್ತವು. ಈಗ್ಲೂ ಅಂಥ ಹಳೇ ಲಿಂಕ್ ಸಿಕ್ರೆ ಡಾಟ್ ಇನ್ ಅಳಿಸಿ ಡಾಟ್ ಕಾಮ್ ಅಂತ ಹಾಕಿ ನೋಡಿ, ಬ್ಲಾಗ್ ಇನ್ನೂ ಇದ್ರೆ ತೆರ್ಕೊಳುತ್ತೆ. ಪೋಸ್ಟರಸ್ ಅಂತ ಒಂದು ಬ್ಲಾಗ್ ಸೈಟಿತ್ತು, ಟ್ವಿಟರ್‌ನೋರು ಕೊಂಡ್ಕೊಂಡು ಮಾರನೇ ವರ್ಷ, 2013ರಲ್ಲಿ, ಬಾಗ್ಲು ಹಾಕಿದ್ರು. ಟೈಪ್‌ಪ್ಯಾಡ್ ಅನ್ನೋ ಇನ್ನೊಂದು 2003ರಿಂದ ಇತ್ತು, 2025ರ ಸೆಪ್ಟೆಂಬರ್ 30ಕ್ಕೆ ಮುಗೀತು, ಬರೆದೋರಿಗೆ ಸಿಕ್ಕಿದ್ದು ಒಂದು ತಿಂಗಳ ನೋಟಿಸ್.

ನಮ್ಮೋರು ಫೇಸ್‌ಬುಕ್‌ಗೆ ಹೋಗಿದ್ದನ್ನ ಇಲ್ಲಿ ಹೇಳ್ಲೇಬೇಕು. ಓದುಗರು ಅಲ್ಲಿದ್ರು, ಲೈಕು ಐದು ನಿಮಿಷಕ್ಕೆ ಬರ್ತಿತ್ತು, ಅದಕ್ಕೆ ಹೋದ್ರು, ತಪ್ಪಲ್ಲ. ಆದ್ರೆ ಹತ್ತು ವರ್ಷದ ಹಿಂದೆ ಅಲ್ಲಿ ಒಬ್ರು ತಮ್ಮೂರಿನ ಕೆರೆ ಬಗ್ಗೆ, ಅಜ್ಜಿ ಹೇಳ್ತಿದ್ದ ಸೋಬಾನೆ ಬಗ್ಗೆ ಎಷ್ಟು ಚಂದ ಬರೆದಿದ್ರು, ಇವತ್ತು ಗೂಗಲಲ್ಲಿ ಹುಡುಕಿದ್ರೆ ಸಿಗುತ್ತಾ? ಬರೆದೋರಿಗೇ ಸಿಗಲ್ಲ. ಬ್ಲಾಗಲ್ಲಿ ಅದೇ ಕಾಲದ್ದು ಇವತ್ತಿಗೂ ಹುಡುಕಿದ್ರೆ ಮೊದಲ ಪೇಜಲ್ಲಿ ಬರುತ್ತೆ, ಪಿಎಚ್‌ಡಿ ಮಾಡೋ ಹುಡುಗ್ರು ಅದನ್ನ ಓದ್ತಾರೆ. ಫೇಸ್‌ಬುಕ್ಕಲ್ಲಿ ಹಂಚಿ, ಬೇಡ ಅನ್ನಲ್ಲ, ಮೂಲ ಮಾತ್ರ ಬ್ಲಾಗಲ್ಲಿರ್ಲಿ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ, ಎರಡೇ ಪ್ರಶ್ನೆ. ಏನಾದ್ರೂ ಕೆಟ್ಟು ಹೋದ್ರೆ ಕನ್ನಡದಲ್ಲಿ ಕೇಳಿ ಸರಿ ಮಾಡಿಸ್ಕೊಳ್ಳೋಕೆ ನಿಮಗೆ ಯಾರಿದಾರೆ? ಮತ್ತೆ ನಾಳೆ ಬಿಟ್ಟು ಹೋಗ್ಬೇಕು ಅಂದ್ರೆ ಬರೆದಿದ್ದೆಲ್ಲ ಪೂರ್ತಿ ತಗೊಂಡು ಹೋಗೋಕಾಗುತ್ತಾ? ಇವೆರಡಕ್ಕೂ ಉತ್ತರ ಇದ್ರೆ ಡಿಸೈನ್ ಹಳೇದಾಗಿದ್ರೂ ಪರವಾಗಿಲ್ಲ. ಸ್ವಂತ ಹೋಸ್ಟಿಂಗ್ ಮಾಡಿ ಅಂತ ಹುಡುಗರು ಸುಲಭವಾಗಿ ಹೇಳ್ಬಿಡ್ತಾರೆ, ಆದ್ರೆ ವಯಸ್ಸಾದೋರೊಬ್ರು ಬರೀತಿರ್ತಾರೆ, ಅವ್ರು ತೀರ್ಕೊಂಡ್ಮೇಲೆ ಮುಂದಿನ ವರ್ಷ ಡೊಮೈನ್ ದುಡ್ಡು ಕಟ್ಟೋರು ಯಾರು? ಮಕ್ಕಳಿಗೆ ಪಾಸ್‌ವರ್ಡೇ ಗೊತ್ತಿರಲ್ಲ. ನಮ್ಮ ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಅವರಿಗೆ ನಾನು ಬ್ಲಾಗ್‌ಸ್ಪಾಟಲ್ಲೇ ಇರಿ ಅಂತ ಹಟ ಮಾಡಿದ್ದು ಇದಕ್ಕೇ.

ಅಲ್ಲೂ ಒಂದು ಎಚ್ಚರಿಕೆ ಬೇಕು, 2 ವರ್ಷ ಮುಟ್ಟದೇ ಬಿಟ್ಟ ಗೂಗಲ್ ಅಕೌಂಟನ್ನ ಅಳಿಸಬಹುದು ಅಂತ 2023ರಲ್ಲೇ ಅವ್ರು ನಿಯಮ ಮಾಡಿದಾರೆ. ಅಕೌಂಟ್ ಸೆಟ್ಟಿಂಗಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತಿದೆ, ಅಕೌಂಟ್ ಮುಟ್ಟದೇ ಬಿದ್ದಿದ್ರೆ ನೀವು ಹೇಳಿದೋರಿಗೆ ತಿಳಿಸೋದು, ಅದರಲ್ಲಿ ಮಗಳದ್ದೋ ಅಳಿಯನದ್ದೋ ಇಮೇಲ್ ಹಾಕಿಡಿ. ನಮ್ಮದನ್ನೆಲ್ಲ ಇಳಿಸ್ಕೊಳ್ಳೋಕೆ ಇರೋ ಗೂಗಲ್ ಟೇಕೌಟ್‌ಗೆ ಹೋಗಿ, ಎಲ್ಲಾ ಟಿಕ್ ತೆಗೆದು, ಬ್ಲಾಗರ್ ಒಂದಕ್ಕೆ ಟಿಕ್ ಹಾಕಿ ಇಳಿಸ್ಕೊಳ್ಳಿ, ಫೋಟೋಗಳು ಬಂದಿದ್ಯಾ ಅಂತ ಬಿಚ್ಚಿ ನೋಡಿ. ಬರೆದೋರು ಈಗಿಲ್ಲ, ಬ್ಲಾಗ್ ಮಾತ್ರ ಉಳ್ಕೊಂಡಿದೆ ಅನ್ನೋದು ನಿಮಗೆ ಗೊತ್ತಿದ್ರೆ, ಆ ಬ್ಲಾಗಿನ ಲಿಂಕನ್ನ, ವೆಬ್ ಪೇಜುಗಳ ಪ್ರತಿ ಉಳಿಸಿಡೋ ವೇಬ್ಯಾಕ್ ಮೆಷಿನ್ ಸೈಟಲ್ಲಿ ಸೇವ್ ಪೇಜ್ ನೌ ಅನ್ನೋ ಜಾಗಕ್ಕೆ ಹಾಕಿ, ಲಾಗಿನ್ ಏನೂ ಬೇಕಿಲ್ಲ, ಒಂದೊಂದೇ ಪೋಸ್ಟ್ ಹಾಕ್ತಾ ಹೋಗಿ, ಕೆಳಗೆ ಕಾಮೆಂಟಲ್ಲಿ ಆ ಬ್ಲಾಗಿನ ಹೆಸರು ಬರೀರಿ, ಮಿಕ್ಕಿದ್ದನ್ನ ನಾವೆಲ್ಲ ಸೇರಿ ಹಾಕೋಣ.