ಜಾರಿದ ಚಪ್ಪಲಿ: ನಿತ್ಯಾಧಾರ ಮಾತೆಯ ಚಿತ್ರದಲ್ಲಿ ಏನೇನಿದೆ?

[ಕಪ್ಪು ಪರದೆ. ಚಿತ್ರದ ಕೆಳಭಾಗ ಮಾತ್ರ ಕಾಣುತ್ತದೆ: ಮಗುವಿನ ಪಾದ, ಅದರಿಂದ ತೂಗುವ ಚಪ್ಪಲಿ]

ಒಂದು ಪುಟ್ಟ ಕಾಲು. ಚಪ್ಪಲಿಯ ಬಾರು ಸಡಿಲವಾಗಿದೆ, ಇನ್ನೇನು ಬಿದ್ದೇ ಬಿಡುತ್ತೆ ಅನ್ನೋ ಹಾಗೆ ತೂಗ್ತಿದೆ. ನಮ್ಮಲ್ಲಿ ಎಷ್ಟೋ ಕಥೋಲಿಕರ ಮನೆಗಳ ಗೋಡೆ ಮೇಲೆ ಈ ಚಿತ್ರ ಇದೆ. ಮಗು ಯೇಸುವನ್ನ ಎತ್ತಿಕೊಂಡ ತಾಯಿ ಮರಿಯಳ ಚಿತ್ರ ಇದು. ಅವಳನ್ನ ನಿತ್ಯಾಧಾರ ಮಾತೆ ಅಂತಾರೆ, ನಿತ್ಯ ಸಹಾಯ ಮಾತೆ ಅಂತಲೂ ಅಂತಾರೆ. ಮುಂಬಯಿಯ ಮಾಹಿಮ್ ಚರ್ಚಿನಲ್ಲಿ 1948ರಿಂದ ಬುಧವಾರದ ನೊವೇನಾ ಅನ್ನೋ ವಿಶೇಷ ಪ್ರಾರ್ಥನೆ ನಡೀತಿರೋದು ಈ ಮಾತೆಗೇ. ದಿನಾ ಕೈ ಮುಗಿಯೋರನ್ನೂ ‘ಆ ಚಪ್ಪಲಿ ಯಾಕೆ ಜಾರಿದೆ?’ ಅಂತ ಕೇಳಿ ನೋಡಿ, ಸ್ವಲ್ಪ ತಡವರಿಸ್ತಾರೆ. ಎಷ್ಟೇ ಶಾಂತವಾಗಿ ಕಂಡರೂ ಇದು ಮಗುವೊಂದು ಬೆಚ್ಚಿಬಿದ್ದ ಗಳಿಗೆಯ ಚಿತ್ರ.

[ಪೂರ್ತಿ ಚಿತ್ರ]

ಮೂಲಚಿತ್ರ ಇರೋದು ರೋಮ್ ನಗರದಲ್ಲಿ, ಮೆರುಲಾನಾ ಬೀದಿಯ ಸಂತ ಅಲ್ಫೋನ್ಸರ ಚರ್ಚಿನಲ್ಲಿ. ದೊಡ್ಡದೇನಲ್ಲ, ಎತ್ತರ ಸುಮಾರು 54 ಸೆಂಟಿಮೀಟರ್, ಅಗಲ 41. ಮರದ ಹಲಗೆಯ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಹಿಂದೆ ಚಿನ್ನದ ರೇಕು. ಕ್ರೀಟ್ ದ್ವೀಪದಿಂದ ಒಬ್ಬ ವ್ಯಾಪಾರಿ ಕದ್ದು ತಂದ ಅನ್ನೋದು ಪರಂಪರೆಯ ಕಥೆ. 1499ರಲ್ಲಿ ಅದೇ ಬೀದಿಯ ಸಂತ ಮತ್ತಾಯರ ಚರ್ಚಿಗೆ ಬಂತು. 1798ರಲ್ಲಿ ಫ್ರೆಂಚ್ ಸೇನೆಯ ಕಾಲದಲ್ಲಿ ಆ ಚರ್ಚು ನೆಲಸಮವಾಯ್ತು, ಚಿತ್ರ ಮೂಲೆ ಸೇರಿತು. 1866ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಅದನ್ನ ರಿಡೆಂಪ್ಟರಿಸ್ಟ್ ಅನ್ನೋ ಸಂಘದ ಗುರುಗಳಿಗೆ ಒಪ್ಪಿಸಿದ ಮೇಲೆ ಪ್ರತಿಗಳು ಲೋಕವೆಲ್ಲ ಹರಡಿದವು.

[ಮೇಲಿನ ಎಡಮೂಲೆ, ಆಮೇಲೆ ಬಲಮೂಲೆ]

ಈಗ ದೇವದೂತರ ಕೈ ನೋಡಿ. ನಮ್ಮ ಎಡಕ್ಕೆ ಮಿಕಾಯೇಲ: ಈಟಿ, ಕೋಲಿನ ತುದಿಗೆ ಸ್ಪಂಜು, ಹುಳಿರಸದ ಪಾತ್ರೆ. ಬಲಕ್ಕೆ ಗಬ್ರಿಯೇಲ: ಶಿಲುಬೆ, ಮೊಳೆಗಳು. ಯೇಸುವನ್ನ ಶಿಲುಬೆಗೇರಿಸಿದ ಶುಭ ಶುಕ್ರವಾರದ ಸಾಮಾನೆಲ್ಲ ಹಸುಗೂಸಿನ ಮುಂದೆ ಬಂದು ನಿಂತಿದೆ. ಇಬ್ಬರೂ ಅದನ್ನ ಬರಿಗೈಯಲ್ಲಿ ಹಿಡಿದಿಲ್ಲ, ಬಟ್ಟೆ ಸುತ್ತಿ ಹಿಡಿದಿದ್ದಾರೆ. ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಅರಮನೆಯಲ್ಲಿ ಚಕ್ರವರ್ತಿಯ ವಸ್ತು ಮುಟ್ಟುವಾಗ ಕೈ ಮುಚ್ಚಿಕೊಳ್ತಿದ್ದರು, ಆ ಮರ್ಯಾದೆ ಇಲ್ಲಿ ಕೊಲ್ಲೋ ಹತಾರಗಳಿಗೆ ಸಿಕ್ಕಿದೆ.

ಗಬ್ರಿಯೇಲನ ಕೈಗೇ ಶಿಲುಬೆ ಯಾಕೆ? ಹದಿನೈದನೇ ಶತಮಾನದ ಕ್ರೀಟಿನಲ್ಲಿ ಆಂದ್ರೆಯಾಸ್ ರಿಟ್ಸೋಸ್ ಅನ್ನೋ ಕಲಾವಿದ ಇದೇ ಬಗೆಯ ಚಿತ್ರಗಳನ್ನ ಬರೆದ. ಅಂಥ ಚಿತ್ರಗಳ ಮೇಲೆ ಗ್ರೀಕಿನ ಒಂದು ಪದ್ಯ ಇರುತ್ತೆ. ಅದರ ತಾತ್ಪರ್ಯ: ಅಂದು ಮರಿಯಳಿಗೆ ಯೇಸು ಹುಟ್ಟುವ ಶುಭವಾರ್ತೆ ತಂದವನೇ (ಅಂದರೆ ಗಬ್ರಿಯೇಲ) ಇಂದು ಯಾತನೆಯ ಗುರುತುಗಳನ್ನ ತೋರಿಸ್ತಿದ್ದಾನೆ, ಮನುಷ್ಯದೇಹ ತೊಟ್ಟ ಕ್ರಿಸ್ತ ಅವನ್ನ ಕಂಡು ಸಾವಿಗೆ ಅಂಜುತ್ತಿದ್ದಾನೆ. ರೋಮಿನ ಚಿತ್ರದಲ್ಲಿ ಈ ಪದ್ಯ ಇಲ್ಲ. ಆದರೆ ಚಿತ್ರದ ಬೀಗದಕೈ ಅದೇ.

[ಮಗುವಿನ ಕತ್ತು, ಕೈ, ಕಾಲು: ಕ್ಯಾಮೆರಾ ನಿಧಾನವಾಗಿ ಇಳಿಯುತ್ತದೆ]

ಮಗು ತಾಯಿಯನ್ನ ನೋಡ್ತಿಲ್ಲ. ಕತ್ತು ತಿರುಗಿರೋದು ಗಬ್ರಿಯೇಲನ ಕಡೆಗೆ. ಎರಡೂ ಕೈ ಅಮ್ಮನ ಬಲಗೈ ಹಿಡಿದಿವೆ. ಕಾಲು ಒಂದರ ಮೇಲೊಂದು ಸುತ್ತಿಕೊಂಡು ಚಪ್ಪಲಿ ಜಾರಿದೆ. ಬೈಬಲಿನ ರೂತಳ ಗ್ರಂಥದಲ್ಲಿ ಹೊಲ ಬಿಡಿಸಿಕೊಳ್ಳುವಾಗ ಚಪ್ಪಲಿ ಬಿಚ್ಚಿ ಕೊಡೋ ಪದ್ಧತಿ ಬರುತ್ತೆ, ಇದು ಬಿಡುಗಡೆಯ ಸಂಕೇತ ಅಂತ ಹೇಳೋರೂ ಇದ್ದಾರೆ. ಕೇಳೋಕೆ ಚೆಂದ. ಆದರೆ ಕತ್ತು, ಕೈ, ಕಾಲು ಮೂರೂ ಹೆದರಿಕೆಯನ್ನೇ ಹೇಳ್ತಿರುವಾಗ ಅಷ್ಟು ದೂರ ಹೋಗಬೇಕಾಗಿಲ್ಲ.

ಇನ್ನು ತಾಯಿಯ ಬಲಗೈ. ಹಿಡಿದಿರೋದು ಮಗು. ತಾಯಿ ಬಿಗಿಯಾಗಿ ಹಿಡಿದಿಲ್ಲ, ಅವಳ ಅಂಗೈ ತೆರೆದಿದೆ, ನೀಳ ಬೆರಳು ಮಗುವನ್ನ ತೋರಿಸ್ತಿವೆ. ಆಸರೆ ಕೊಡೋ ಕೈಯೇ ‘ಇವನನ್ನ ನೋಡಿ’ ಅಂತಲೂ ಹೇಳ್ತಿದೆ. ಕಣ್ಣು ಮಾತ್ರ ನಮ್ಮ ಮೇಲಿದೆ. ನಿತ್ಯಾಧಾರ ಅನ್ನೋ ಹೆಸರಿಗೆ ಚಿತ್ರದೊಳಗಿನ ಸಾಕ್ಷಿ ಈ ಒಂದು ಕೈ.

[ಅಕ್ಷರಗಳು ಒಂದೊಂದಾಗಿ ಹೊಳೆಯುತ್ತವೆ]

ಮೇಲೆ ಎಡಕ್ಕೆ ಎಂ, ಪಿ ಥರ ಕಾಣೋ ಎರಡು ಅಕ್ಷರ ಇವೆ. ಅದು ಪಿ ಅಲ್ಲ, ಗ್ರೀಕಿನ ‘ರೋ’. ಪವಿತ್ರ ಹೆಸರುಗಳನ್ನ ಬರೆಯುವಾಗ ಮೊದಲ ಮತ್ತು ಕೊನೆಯ ಅಕ್ಷರ ಇಟ್ಟು ಮೇಲೊಂದು ಗೆರೆ ಎಳೀತಿದ್ದರು. ಹಾಗೆ ತಾಯಿ ಅನ್ನೋ ಅರ್ಥದ ‘ಮೀತೀರ್’ ಎರಡಕ್ಷರ ಆಯ್ತು. ಬಲಕ್ಕೆ ಇರೋದು ‘ಥೆಯೂ’ದ (ದೇವರ) ಸಂಕ್ಷೇಪ. ಎರಡೂ ಸೇರಿ: ದೇವಮಾತೆ. 431ರಲ್ಲಿ ಎಫೆಸದಲ್ಲಿ ಸೇರಿದ ಕ್ರೈಸ್ತ ಧರ್ಮಾಧ್ಯಕ್ಷರ ಸಭೆ ಮರಿಯಳಿಗೆ ಈ ಅರ್ಥದ ಬಿರುದನ್ನೇ ಎತ್ತಿಹಿಡಿಯಿತು. ಮಗುವಿನ ಪಕ್ಕದ ನಾಲ್ಕು ಅಕ್ಷರ ಯೇಸು ಕ್ರಿಸ್ತ. ದೂತರ ಬಳಿ ಇರೋ ಮೂರು ಮೂರು ಅಕ್ಷರ ಅವರವರ ಹೆಸರು.

ತಾಯಿಯ ಹಣೆಯ ಮೇಲಿನ ನಕ್ಷತ್ರಕ್ಕೆ ಎಂಟು ಕಿರಣ. ಅವಳ ಬಟ್ಟೆಯ ಬಣ್ಣದಲ್ಲಿ ಒಂದು ವಿಶೇಷ ಇದೆ: ಬೈಜಾಂಟಿಯಂ ರೂಢಿಯಲ್ಲಿ ಸಾಮಾನ್ಯವಾಗಿ ಒಳಗಿನ ಅಂಗಿ ನೀಲಿ, ಮೇಲಿನ ಸೆರಗು ಕಡುಗೆಂಪು. ಇಲ್ಲಿ ತಲೆಕೆಳಗು, ಒಳಗೆ ಕೆಂಪು, ಮೇಲೆ ನೀಲಿ.

[ಕಾರ್ಯಾಗಾರದ ದೃಶ್ಯ: ಹಲಗೆ, ಮೊಟ್ಟೆ, ಚಿನ್ನದ ರೇಕು]

ಇಂಥ ಚಿತ್ರ ಬರೆಯೋದಕ್ಕಿಂತ ಹಲಗೆ ಸಿದ್ಧಮಾಡೋದೇ ದೊಡ್ಡ ಕೆಲಸ. ಹಲಗೆ ಬಾಗದ ಹಾಗೆ ಹಿಂದೆ ಅಡ್ಡಪಟ್ಟಿ ಕೊಟ್ಟು, ಮುಂದೆ ತೆಳ್ಳನೆ ಬಟ್ಟೆ ಅಂಟಿಸ್ತಾರೆ. ಮೇಲೆ ಸೀಮೆಸುಣ್ಣದ ಪುಡಿ ಮತ್ತು ಚರ್ಮದ ಅಂಟಿನ ಲೇಪ, ತೆಳುವಾಗಿ 8ರಿಂದ 12 ಪದರ. ಒಣ ಅಂಟು ಒಂದು ಪಾಲಾದರೆ ನೀರು ಸುಮಾರು ಹತ್ತು ಪಾಲು. ಅಂಟು ಗಟ್ಟಿಯಾದರೆ ಒಣಗುವಾಗ ಲೇಪ ಬಿರುಕು ಬಿಡುತ್ತೆ, ನೀರಾದರೆ ಪುಡಿಪುಡಿಯಾಗಿ ಉದುರುತ್ತೆ. ಜೋರಾಗಿ ಕಲಕಿದರೆ ಗುಳ್ಳೆ ಎದ್ದು ಸೂಜಿಮೊನೆಯಷ್ಟು ತೂತು ಉಳೀತವೆ, ಆಮೇಲೆ ಚಿನ್ನದ ಮೇಲೆ ಅವೇ ಕಣ್ಣಿಗೆ ಹೊಡೆಯೋದು.

ಚಿನ್ನ ಮೊದಲು, ಬಣ್ಣ ಆಮೇಲೆ. ಅದಲುಬದಲಾದರೆ ರೇಕು ಬಣ್ಣಕ್ಕೂ ಕಚ್ಚಿಕೊಳ್ಳುತ್ತೆ. ಮೈಸೂರು ಚಿತ್ರಗಳಲ್ಲಿ ಉಬ್ಬಿದ ಆಭರಣದ ಮೇಲೆ ಚಿನ್ನ ಕೂರುತ್ತೆ, ಇಲ್ಲಿ ಅದು ನುಣುಪಾದ ಹಿನ್ನೆಲೆ. ಹಿಂದೆ ಊರಿಲ್ಲ, ಆಕಾಶ ಇಲ್ಲ, ನೆರಳೂ ಬೀಳಲ್ಲ; ಚಿನ್ನ ಅಂದರೆ ಸ್ವರ್ಗದ ಬೆಳಕು.

ಬಣ್ಣದ ಪುಡಿ ಕಲಸೋಕೆ ಮೊಟ್ಟೆಯ ಹಳದಿ ಮಾತ್ರ, ಅದರ ಪೊರೆ ತೆಗೆದು. ಹೆಚ್ಚುಕಡಿಮೆ ಅಷ್ಟೇ ನೀರು, ಕೆಡದಿರಲಿ ಅಂತ ಎರಡು ಹನಿ ವಿನಿಗರ್. ಮಿಕಾಯೇಲನ ಪಾತ್ರೆಯಲ್ಲಿರೋದೂ ಹುಳಿರಸವೇ! ಹಳದಿ ಹೆಚ್ಚಾದರೆ ಬಣ್ಣ ಜಿಡ್ಡಾಗಿ ಸಿಪ್ಪೆ ಏಳುತ್ತೆ, ಕಮ್ಮಿಯಾದರೆ ಕೈ ಸವರಿದರೆ ಬರುತ್ತೆ. ಮುಖಕ್ಕೆ ಮೊದಲು ಹಸಿರುಗಂದು, ಅದರ ಮೇಲೆ ಪದರ ಪದರವಾಗಿ ತಿಳಿಬಣ್ಣ. ಕಣ್ಣಸುತ್ತ ಕಾಣೋ ಕಪ್ಪು ಛಾಯೆ ಅದೇ ಅಡಿಬಣ್ಣ.

[ಹಲವು ಮುದ್ರಿತ ಪ್ರತಿಗಳು ಒಟ್ಟಿಗೆ]

ಮನೆಗೆ ಪ್ರತಿ ಕೊಳ್ಳೋರು ಅಂಚು ನೋಡಿ. ಫ್ರೇಮಿಗೆ ಹೊಂದಿಸೋಕೆ ಕೆಳಗಿನಿಂದ ಕತ್ತರಿಸಿದರೆ ಮೊದಲು ಹೋಗೋದು ಚಪ್ಪಲಿ. ಮೇಲೆ ಕತ್ತರಿಸಿದರೆ ಅಕ್ಷರದ ಮೇಲಿನ ಗೆರೆ. ಕೆಲವು ಪ್ರತಿಗಳಲ್ಲಿ ಹೊಳೆಯೋ ಕಿರೀಟಗಳಿರುತ್ತವೆ. ಅವು ಕಲಾವಿದ ಬರೆದದ್ದಲ್ಲ, 1867ರ ಜೂನ್ 23ರಂದು ಚಿತ್ರಕ್ಕೆ ತೊಡಿಸಿದ ಆಭರಣ. ಮುಖ ಸಿಹಿಯಾಗಲಿ ಅಂತ ತಾಯಿಗೆ ನಗು ಬರೆದ ಪ್ರತಿಗಳೂ ಸಿಗ್ತವೆ. ಅಂಥದ್ದರಲ್ಲಿ ಆ ಮಗು ಯಾಕೆ ಹೆದರಿದೆ ಅನ್ನೋದು ಅರ್ಥವೇ ಆಗಲ್ಲ. ಮಗು ನಿಮ್ಮ ಎಡಗಡೆ ಕೂತಿದ್ದರೆ ಮುದ್ರಕರು ಚಿತ್ರವನ್ನ ಮಗುಚಿಬಿಟ್ಟಿದ್ದಾರೆ ಅಂತ ಲೆಕ್ಕ. ಅದರಲ್ಲಿ ಈಟಿ ಹಿಡಿದವನು ಬಲಕ್ಕೆ ಬಂದಿರ್ತಾನೆ, ‘ರೋ’ ಅಕ್ಷರ ಬೆನ್ನು ತಿರುಗಿಸಿ ನಿಂತಿರುತ್ತೆ.